ಹುಂಜವೂ ಕುಡಿದಿತ್ತು, ಚಿಕ್ಕಪ್ಪನೂ ಕುಡಿದಿದ್ದರು

ನಾನು ಆರನೇ ಕ್ಲಾಸಿನಲ್ಲಿದ್ದಾಗ ನಮ್ಮ ಚಿಕ್ಕಪ್ಪ ಒಂದು ಹುಂಜಕ್ಕೆ ಬ್ರಾಂದಿ ಕುಡಿಸಿದ್ದರು. ಕಥೆ ಕಟ್ಟಿ ಹೇಳ್ತಿಲ್ಲ. ಆ ಹುಂಜದ ಕೊಕ್ಕು ಬಿಡಿಸಿ ಹಿಡಿದಿದ್ದೇ ನಾನು.

ಕಳಸದಿಂದ ಬಾಳೆಹೊಳೆಗೆ ಬರುವ ದಾರಿಯಲ್ಲಿ ನಮ್ಮೂರು. ಊರು ಅಂದ ಕೂಡಲೆ ಸಾಲು ಮನೆ, ಅರಳಿಕಟ್ಟೆ ಅಂತೆಲ್ಲ ಕಲ್ಪಿಸಿಕೊಳ್ಳಬೇಡಿ. ಗುಡ್ಡಕ್ಕೊಂದು ಮನೆ, ನಡುವೆ ಕಾಫಿ, ಅಡಿಕೆ, ಕೆಳಗೆ ಭದ್ರಾ ಹೊಳೆ. ಗದ್ದೆ ಕೊಯ್ಲು ಮುಗಿದ ಮೇಲೆ ಅಲ್ಲಿ ಇಲ್ಲಿ ಕೋಳಿ ಅಂಕ ನಡೀತಿತ್ತು. ಕಾನೂನು ಪ್ರಕಾರ ಅದು ಆಗಲೂ ತಪ್ಪೇ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಪ್ರಾಣಿಗಳನ್ನು ಕಾದಾಡಿಸುವುದೂ ಅಪರಾಧ, ಅವುಗಳಿಗೆ ಕೆಡುಕು ಮಾಡುವ ಮದ್ದು ಕೊಡುವುದೂ ಅಪರಾಧ. ಒಂದೇ ಮಧ್ಯಾಹ್ನ ಎರಡನ್ನೂ ಮಾಡಿದ ಕೀರ್ತಿ ನಮ್ಮ ಮನೆಗೆ ಸಲ್ಲಬೇಕು.

ಹುಂಜ ಕೆಂಪು ಬಣ್ಣದ್ದು, ಕುತ್ತಿಗೆ ಹತ್ತಿರ ಹೊನ್ನಿನ ಹಾಗೆ ಹೊಳೀತಿತ್ತು. ತಿಂಗಳುಗಟ್ಟಲೆ ಅದಕ್ಕೆ ರಾಗಿ, ಮೊಟ್ಟೆ, ಬೆಳ್ಳುಳ್ಳಿ. ನನಗೆ ಸಿಗದ ಮೊಟ್ಟೆ ಅದಕ್ಕೆ ಸಿಗ್ತಿತ್ತು ಅನ್ನೋ ಹೊಟ್ಟೆಕಿಚ್ಚು ಇನ್ನೂ ನೆನಪಿದೆ. ಕಾಲಿಗೆ ಬಾಳು ಕಟ್ಟುವ ಮುಂಚೆ ಚಿಕ್ಕಪ್ಪ ಬಾಟ್ಲಿ ಮುಚ್ಚಳದಲ್ಲಿ ಬ್ರಾಂದಿ ಅಳೆದು ಅದರ ಗಂಟಲಿಗೆ ಹೊಯ್ದರು. ಒಂದು ಮುಚ್ಚಳ, ಎರಡು, ಮೂರು. "ಈಗ ನೋಡು ಮಾರಾಯ, ರೋಷ ಹೆಂಗೆ ಏರ್ತದೆ" ಅಂದರು.

ರೋಷ ಏರಲಿಲ್ಲ. ಕಣಕ್ಕೆ ಬಿಟ್ಟಾಗ ಹುಂಜ ಎರಡೂ ಕಾಲು ಅಗಲಿಸಿ ನಿಂತು, ಏನೋ ಕಳಕೊಂಡವರ ಹಾಗೆ ನೆಲ ನೋಡಿತು. ಎದುರಿನದು ಎರಗಿದಾಗ ಪಕ್ಕಕ್ಕೆ ಸರಿಯೋದಕ್ಕೆ ಹೋಗಿ ಕೂತೇಬಿಟ್ಟಿತು. ಮುಂದಿನದ್ದು ಹೇಳಬೇಕಾಗಿಲ್ಲ. ಪಂಥದ ದುಡ್ಡೂ ಹೋಯ್ತು, ಹುಂಜವೂ ಹೋಯ್ತು.

ಉಳಿದ ಬ್ರಾಂದಿಯನ್ನು ಚಿಕ್ಕಪ್ಪ ಕುಡಿದರು. ಆ ರಾತ್ರಿ ಚಿಕ್ಕಮ್ಮನಿಗೆ ಹೊಡೆದರು.

ಬೆಳಿಗ್ಗೆ ಚಿಕ್ಕಮ್ಮ ಕೆನ್ನೆಗೆ ಅರಿಶಿನ ಹಚ್ಚಿಕೊಂಡು ಒಲೆ ಮುಂದೆ ಕೂತಿದ್ದರು. ನಮ್ಮಜ್ಜಿ ಸಮಾಧಾನ ಮಾಡೋ ದನಿಯಲ್ಲಿ, "ಕುಡಿದಾಗ ಅವನು ಅವನಲ್ಲ ಕಣೆ. ಒಳಗೆ ಹೋದದ್ದು ಆಡಿಸ್ತದೆ" ಅಂದರು. ಆ ಮನೆಯಲ್ಲಿ ಈ ಮಾತನ್ನು ನೂರು ಸಲ ಕೇಳಿದ್ದೆ. ಅವತ್ತು ಮಾತ್ರ ಅದು ಮನಸ್ಸಿನಲ್ಲಿ ಕೂತುಬಿಟ್ಟಿತು. ಯಾಕಂದ್ರೆ ಬಾಟ್ಲಿ ಒಂದೇ. ಒಳಗೆ ಹೋದದ್ದೂ ಒಂದೇ. ಅದು ಹುಂಜವನ್ನು ಮಲಗಿಸಿತು, ಚಿಕ್ಕಪ್ಪನನ್ನು ಹೊಡೆಯೋಕೆ ಎಬ್ಬಿಸಿತು ಅಂದ್ರೆ ಹೇಗೆ?

ಇಂಥ ಪ್ರಶ್ನೆ ಹನ್ನೊಂದು ವರ್ಷದ ಹುಡುಗ ದೊಡ್ಡವರ ಹತ್ತಿರ ಕೇಳೋ ಹಾಗಿರಲಿಲ್ಲ. ಆಮೇಲೆ ಬಿಇ, ಬೆಂಗಳೂರು, ಕೆಲಸ, ಇಎಂಐ. ಪ್ರಶ್ನೆ ಅಲ್ಲೇ ಉಳಿದುಕೊಂಡಿತ್ತು.

ಕಾಫಿ ಸೀಮೆಯಲ್ಲಿ ಬೆಳೆದವರಿಗೆ ಬಟವಾಡೆ ದಿನ ಅಂದ್ರೆ ಏನು ಅಂತ ವಿವರಿಸೋದು ಬೇಡ. ವಾರದ ಕೂಲಿ ಕೈಗೆ ಬರುವ ದಿನ. ಸಂತೆ, ಮೀನು, ಮಕ್ಕಳಿಗೆ ಬಿಸ್ಕೆಟ್ ಪೊಟ್ಟಣ. ಸಂಜೆ ಆಗ್ತಿದ್ದ ಹಾಗೆ ಲೈನ್ ಮನೆಗಳ ಕಡೆಯಿಂದ ಕೂಗಾಟ. ನಾನು ಚಿಕ್ಕವನಿದ್ದಾಗ ಪ್ಯಾಕೆಟ್ ಸಾರಾಯಿ ಕಾಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧ ಆಯ್ತು. ಊರಲ್ಲಿ ಹೆಂಗಸರು ಸಂಭ್ರಮಪಟ್ಟಿದ್ದು ನಿಜ. ಆದರೆ ಪ್ಯಾಕೆಟ್ ಹೋಗಿ ಕ್ವಾರ್ಟರ್ ಬಂತು, ಜೇಬು ಇನ್ನೂ ಬೇಗ ಖಾಲಿ ಆಗತೊಡಗಿತು, ಕೂಗಾಟ ನಿಲ್ಲಲಿಲ್ಲ. ನಿಷೇಧ ಸರಿಯೋ ತಪ್ಪೋ ಅನ್ನೋ ಚರ್ಚೆಗೆ ನಾನು ಇಲ್ಲಿ ಹೋಗಲ್ಲ. ಚಟ ಅನ್ನೋದು ಕಾಯಿಲೆ, ಅದಕ್ಕೆ ಚಿಕಿತ್ಸೆ ಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ನನ್ನ ತಲೆ ತಿಂದಿದ್ದು ಬೇರೆ: ಹೊಡೆದ ಕೈ ಯಾರದು?

ಆ ಹುಂಜದ ಪ್ರಶ್ನೆಯನ್ನು ತಮ್ಮ ಜೀವಮಾನದ ಕೆಲಸ ಮಾಡಿಕೊಂಡ ವಿಜ್ಞಾನಿಗಳಿದ್ದಾರೆ ಅಂತ ಗೊತ್ತಾಗಿದ್ದು ಕೆಲವು ವರ್ಷದ ಹಿಂದೆ, ಒಂದು ರಾತ್ರಿ ಡಿಪ್ಲಾಯ್‌ಮೆಂಟ್ ಮುಗಿಯೋದನ್ನ ಕಾಯ್ತಾ ಕೂತಿದ್ದಾಗ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಕ್ಲಾಸ್ ಮಿಚೆಕ್ ಅನ್ನೋರು ದಶಕಗಳ ಕಾಲ ಇಲಿ, ಕೋತಿಗಳಿಗೆ ಅಳತೆ ಮಾಡಿ ಆಲ್ಕೋಹಾಲ್ ಕೊಟ್ಟು ಅವುಗಳ ಜಗಳವನ್ನು ಸೆಕೆಂಡು ಸೆಕೆಂಡಿಗೆ ಬರೆದಿಟ್ಟಿದ್ದಾರೆ. ಅವರಿಗೆ ಕಂಡದ್ದರಲ್ಲಿ ಮೊದಲನೆಯದು ನಮ್ಮ ಹುಂಜಕ್ಕೆ ಸಂಬಂಧಿಸಿದ್ದು. ಪ್ರಮಾಣ ಜಾಸ್ತಿ ಆದಾಗ ಪ್ರಾಣಿ ಜಗಳ ಮಾಡಲ್ಲ, ತೂಕಡಿಸತ್ತೆ. ಆಕ್ರಮಣ ಹೆಚ್ಚೋದು ಸಣ್ಣ ಪ್ರಮಾಣದಲ್ಲಿ. ಒಂದು ಹುಂಜದ ತೂಕಕ್ಕೆ ಮೂರು ಮುಚ್ಚಳ ಬ್ರಾಂದಿ ಅಂದ್ರೆ ಎಷ್ಟು ಅಂತ ಚಿಕ್ಕಪ್ಪ ಲೆಕ್ಕ ಹಾಕಿರಲಿಲ್ಲ.

ಎರಡನೆಯದು ನನ್ನನ್ನು ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿತು. ಸಣ್ಣ ಪ್ರಮಾಣ ಕೊಟ್ಟರೂ ಎಲ್ಲ ಇಲಿಗಳೂ ಜಗಳಗಂಟ ಆಗಲ್ಲ. ಕೆಲವು ಮಾತ್ರ ಆಗ್ತವೆ. ಉಳಿದವು ಇದ್ದ ಹಾಗೇ ಇರ್ತವೆ, ಕೆಲವು ಇನ್ನೂ ಮೆತ್ತಗಾಗ್ತವೆ. ಒಂದೇ ತಳಿ, ಒಂದೇ ಪಂಜರ, ಒಂದೇ ಅಳತೆ. ಅಂದರೆ ಬಾಟ್ಲಿ ಒಳಗೆ ಜಗಳ ಇಲ್ಲ. ಇದ್ದಿದ್ದರೆ ಎಲ್ಲಕ್ಕೂ ಹಂಚಿಕೆ ಆಗಬೇಕಿತ್ತಲ್ಲ?

ಮೂರನೆಯದು ಸ್ಕ್ವಿರಲ್ ಮಂಕಿ ಅನ್ನೋ ದಕ್ಷಿಣ ಅಮೆರಿಕದ ಪುಟ್ಟ ಕೋತಿಗಳ ಕಥೆ. ವಿನ್ಸ್‌ಲೊ ಅನ್ನೋರ ಜೊತೆ ಮಿಚೆಕ್ 1985ರಲ್ಲಿ ಇದನ್ನ ಪ್ರಕಟಿಸಿದರು. ಕೋತಿ ಗುಂಪಿನಲ್ಲಿ ಯಜಮಾನ ಗಂಡು ಇರ್ತದೆ, ಅದರ ಕೈಕೆಳಗಿನ ಗಂಡುಗಳೂ ಇರ್ತವೆ. ಸ್ವಲ್ಪ ಆಲ್ಕೋಹಾಲ್ ಕೊಟ್ಟಾಗ ಯಜಮಾನನ ಜೋರು ಹೆಚ್ಚಾಯ್ತು. ಕೆಳಗಿನವಕ್ಕೆ ಅದೇ ಪ್ರಮಾಣ ಕೊಟ್ಟರೆ ಜೋರು ಹೆಚ್ಚಲಿಲ್ಲ. ಅಮಲಲ್ಲೂ ಅವು ತಮ್ಮ ಜಾಗ ಮರೀಲಿಲ್ಲ.

ಇದನ್ನು ಓದಿದ ಮೇಲೆ ನಾನು ಲ್ಯಾಪ್‌ಟಾಪ್ ಮುಚ್ಚಿ ಬಾಲ್ಕನಿಗೆ ಹೋಗಿ ನಿಂತೆ. ಚಿಕ್ಕಪ್ಪ ಪಕ್ಕದ ಎಸ್ಟೇಟಿನಲ್ಲಿ ಮೇಸ್ತ್ರಿ ಆಗಿದ್ದರು. ಕುಡಿದು ಎಷ್ಟೋ ಸಲ ಸಾಹುಕಾರರ ಜೀಪಿಗೆ ಎದುರಾಗಿದ್ದಾರೆ. ಒಂದು ದಿನವಾದರೂ ಜೀಪಿನ ಕಡೆ ಕೈ ಎತ್ತಿದ್ದಾರಾ? ಇಲ್ಲ. ತೂರಾಡ್ತಿದ್ದವರು ರಸ್ತೆ ಬದಿಗೆ ಸರಿದು, ತಲೆಗೆ ಕಟ್ಟಿದ ಟವಲ್ ಬಿಚ್ಚಿ ಹೆಗಲಿಗೆ ಹಾಕ್ಕೊಂಡು, "ನಮಸ್ಕಾರ ಅಯ್ಯ" ಅಂತಿದ್ದರು. ದೈವಕ್ಕೆ ಕೊಡುವ ದಿನವೂ ಅಷ್ಟೆ. ಅಲ್ಲಿ ಕುಡಿತಕ್ಕೆ ಬರ ಇಲ್ಲ, ದೈವಕ್ಕೇ ಎಡೆ ಇಟ್ಟಿರ್ತಾರೆ. ಆದರೂ ಪಂಜುರ್ಲಿ ಮುಂದೆ ಚಿಕ್ಕಪ್ಪ ಕೈ ಮುಗಿದು, ನೆಟ್ಟಗೆ ನಿಲ್ಲೋಕೆ ಒದ್ದಾಡ್ತಾ, ಮಗುವಿನ ಹಾಗೆ ನಿಂತಿರ್ತಿದ್ದರು. ಅದೇ ಮನುಷ್ಯ, ಅದೇ ಅಮಲು. ಮನೆ ಹೊಸ್ತಿಲು ದಾಟಿದ ಮೇಲೆ ಮಾತ್ರ "ಒಳಗೆ ಹೋದದ್ದು" ಆಡಿಸ್ತಿತ್ತು.

ನಮ್ಮ ಸೀಮೆಯಲ್ಲಿ ಅಮಲಿನ ಬಗ್ಗೆ ಮಾತಾಡಿ ಆನೆ ಬಿಟ್ಟರೆ ಆಗಲ್ಲ. ಮೂಡಿಗೆರೆ, ಆಲ್ದೂರು ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಗುಡ್ ಮಾರ್ನಿಂಗ್ ಮೆಸೇಜಿಗಿಂತ ಮುಂಚೆ ಬರೋದು ಆನೆ ಎಲ್ಲಿದೆ ಅನ್ನೋ ಮೆಸೇಜು. ಆನೆಗೆ ಬಗನಿ ಮರ ಅಂದ್ರೆ ಪ್ರಾಣ. ಬಗನಿಯಿಂದ ಕಳ್ಳು ಇಳಿಸ್ತಾರೆ. ಈ ಎರಡು ಸೇರಿಸಿ "ಆನೆ ಕಳ್ಳು ಕುಡಿದು ರೇಗ್ತದೆ" ಅನ್ನೋ ಕಥೆ ಸಲೀಸಾಗಿ ಹುಟ್ಟತ್ತೆ. ಆಫ್ರಿಕಾದಲ್ಲೂ ಇಂಥದ್ದೇ ಕಥೆ ಇದೆ, ಆನೆಗಳು ಮರುಲಾ ಹಣ್ಣು ತಿಂದು ಅಮಲೇರಿಸಿಕೊಳ್ತವೆ ಅಂತ. 2006ರಲ್ಲಿ ಕೆಲವು ವಿಜ್ಞಾನಿಗಳು ಆನೆಯ ತೂಕ, ಹಣ್ಣಿನ ಲೆಕ್ಕ ಎಲ್ಲ ಹಾಕಿ ಇದು ಆಗೋ ಮಾತಲ್ಲ ಅಂದರು. 2020ರಲ್ಲಿ ಇನ್ನೊಂದು ತಂಡ, ಆಲ್ಕೋಹಾಲ್ ಕರಗಿಸೋಕೆ ಬೇಕಾದ ಒಂದು ಜೀನು ಆನೆಯಲ್ಲಿ ಕೆಲಸ ಮಾಡಲ್ಲ, ಹಾಗಾಗಿ ಬರೀ ತೂಕದ ಲೆಕ್ಕ ಸಾಲದು, ಸ್ವಲ್ಪಕ್ಕೇ ಏರಬಹುದು ಅಂತು. ಜಗಳ ಇನ್ನೂ ಮುಗಿದಿಲ್ಲ. 2022ರಲ್ಲಿ ಒಡಿಶಾದ ಕೆಂದುಝರ್ ಜಿಲ್ಲೆಯಲ್ಲಿ ಸಾರಾಯಿಗೆ ಅಂತ ಕಾಡಲ್ಲಿ ನೆನೆಹಾಕಿದ್ದ ಮಹುವಾ ಹೂವಿನ ಮಡಕೆಗಳು ಒಡೆದು ಬಿದ್ದಿದ್ದವು, ಪಕ್ಕದಲ್ಲಿ 24 ಆನೆ ಮಲಗಿದ್ದವು ಅಂತ ಊರಿನವರು ಹೇಳಿದ್ದು ಸುದ್ದಿಯಾಗಿತ್ತು. ಕುಡಿದೇ ಮಲಗಿದ್ದವು ಅಂತ ಅರಣ್ಯ ಇಲಾಖೆ ಒಪ್ಪಲಿಲ್ಲ. ಕುಡಿದಿದ್ದರೂ, ನೋಡಿ, ಅವು ಮಾಡಿದ್ದು ನಿದ್ದೆ.

ಆನೆಯನ್ನು ನಿಜಕ್ಕೂ ರೇಗಿಸೋ ಅಮಲು ಅದರ ಮೈಯಲ್ಲೇ ತಯಾರಾಗತ್ತೆ. ಅದಕ್ಕೆ ನಾವು ಕೊಟ್ಟ ಹೆಸರು ಮದ. ಮದ, ಮದ್ಯ, ಮತ್ತು, ಉನ್ಮಾದ, ಎಲ್ಲ ಒಂದೇ ಬೇರಿನವು. ಅಹಂಕಾರಕ್ಕೂ ನಾವು ಮದ ಅಂತೀವಿ, ಅಧಿಕಾರ ಮದ, ಧನ ಮದ. ಈ ಭಾಷೆ ಕಟ್ಟಿದವರಿಗೆ ಇದೆಲ್ಲ ಒಂದೇ ಥರದ ಸಂಗತಿ ಅನ್ನಿಸಿರಬೇಕು. ಗಂಡಾನೆಗೆ ಮದ ಬಂದಾಗ ಕಣ್ಣು ಕಿವಿಯ ನಡುವಿನ ಗ್ರಂಥಿಯಿಂದ ದ್ರವ ಇಳಿಯತ್ತೆ, ಟೆಸ್ಟೋಸ್ಟೆರಾನ್ ಹತ್ತಾರು ಪಟ್ಟು ಏರತ್ತೆ. 2023ರ ಡಿಸೆಂಬರ್ 4ರಂದು ಮೂಡಿಗೆರೆಗೆ ಪಕ್ಕದ ಸಕಲೇಶಪುರ ತಾಲ್ಲೂಕಿನ ಯಸಳೂರು ಬಳಿ ಅರ್ಜುನ ಸತ್ತಿದ್ದು ಇಂಥ ಒಂದು ಮದದಾನೆಯ ಎದುರಲ್ಲೇ. ಮೈಸೂರು ದಸರೆಯಲ್ಲಿ 8 ಸಲ ಚಿನ್ನದ ಅಂಬಾರಿ ಹೊತ್ತವನು. ಕಾಡಾನೆ ಹಿಡಿಯೋ ಕಾರ್ಯಾಚರಣೆಗೆ ಅವನನ್ನು ಕರೆದೊಯ್ದಿದ್ದರು. ಅವತ್ತು ಆಫೀಸಿನಲ್ಲಿ ಸ್ಟ್ಯಾಂಡಪ್ ಮೀಟಿಂಗ್ ನಡುವೆ ಫೋನಿನಲ್ಲಿ ಸುದ್ದಿ ನೋಡಿ ನನಗೆ ಮಾತು ಹೊರಡಲಿಲ್ಲ. ಪಕ್ಕದಲ್ಲಿದ್ದ ದೆಹಲಿ ಹುಡುಗನಿಗೆ ಒಂದು ಆನೆ ಸತ್ತರೆ ಇವನಿಗೇನಾಯ್ತು ಅಂತ ಅರ್ಥವಾಗಲಿಲ್ಲ.

"ಮದ ಬಂದಿತ್ತು, ಆನೆ ಏನು ಮಾಡತ್ತೆ" ಅಂತ ನಾನೂ ಆವಾಗ ಅಂದಿದ್ದೆ. ಹಾರ್ಮೋನು ಅಂದಮೇಲೆ ಮುಗೀತು, ಅದಕ್ಕೆ ಮೀರಿದ್ದು ಯಾವುದಿದೆ? ಆದರೆ ಇದೆ. ದಕ್ಷಿಣ ಆಫ್ರಿಕಾದ ಪಿಲಾನೆಸ್‌ಬರ್ಗ್ ಅನ್ನೋ ಕಾಡಿಗೆ ಕ್ರೂಗರ್‌ನಿಂದ ಅನಾಥ ಆನೆಮರಿಗಳನ್ನು ತಂದು ಬಿಟ್ಟಿದ್ದರು. ದೊಡ್ಡವರಿಲ್ಲದೆ ಬೆಳೆದ ಗಂಡುಗಳಿಗೆ ಬರಬೇಕಾದ ವಯಸ್ಸಿಗಿಂತ ಬಹಳ ಮುಂಚೆ ಮದ ಬಂತು, ಬಂದದ್ದು ಬೇಗ ಹೋಗಲಿಲ್ಲ. 1992ರಿಂದ 1997ರ ನಡುವೆ ಅವು 40ಕ್ಕೂ ಹೆಚ್ಚು ಬಿಳಿ ಘೇಂಡಾಮೃಗಗಳನ್ನು ಕೊಂದವು. 1998ರಲ್ಲಿ 6 ದೊಡ್ಡ ಗಂಡಾನೆಗಳನ್ನು ತಂದು ಬಿಟ್ಟರು. ಹಿರಿಯರು ಎದುರಿಗೆ ಬರ್ತಿದ್ದ ಹಾಗೆ ಹುಡುಗರ ಮದ ಇಳಿಯತೊಡಗಿತು, ಕೊಲೆ ನಿಂತಿತು. 2000ದಲ್ಲಿ ನೇಚರ್ ಪತ್ರಿಕೆಯಲ್ಲಿ ಇದು ಬಂದಿದೆ. ಮೈಯೊಳಗಿನ ರಾಸಾಯನಿಕವೂ ಎದುರಿಗೆ ಯಾರಿದ್ದಾರೆ ಅಂತ ನೋಡತ್ತೆ ಅಂದಾಯ್ತು.

ಬೇರೆ ಅಮಲುಗಳದ್ದೂ ಇದೇ ಹಾಡು. ಗಾಂಜಾ ಸಾಮಾನ್ಯವಾಗಿ ಪ್ರಾಣಿಗಳನ್ನು ಮಂಕು ಮಾಡತ್ತೆ. ಬ್ರೆಜಿಲ್‌ನ ಕಾರ್ಲಿನಿ ಅನ್ನೋ ವಿಜ್ಞಾನಿ ಹಸಿದ ಇಲಿಗಳಿಗೆ ದಿನಾ ಕೊಟ್ಟು ನೋಡಿದರು. ಅವು ಒಂದನ್ನೊಂದು ಕಚ್ಚಾಡತೊಡಗಿದವು. ಹೊಟ್ಟೆ ತುಂಬಿದವು ಹಾಗೆ ಮಾಡಲಿಲ್ಲ. ಲೈನ್ ಮನೆಗಳಲ್ಲಿ ಹೊಟ್ಟೆ ತುಂಬಿದವರು ಎಷ್ಟು ಜನ ಇದ್ದರು ಅಂತ ಯೋಚಿಸಿದಾಗ ಚಿಕ್ಕಪ್ಪನಂಥವರ ಬಗ್ಗೆ ನನ್ನ ಸಿಟ್ಟು ಸ್ವಲ್ಪ ಗಲಿಬಿಲಿಯಾಗತ್ತೆ ಅನ್ನೋದನ್ನೂ ಹೇಳಿಬಿಡ್ತೀನಿ. ಆದರೆ ಚಿಕ್ಕಮ್ಮನ ಹೊಟ್ಟೆಯೂ ತುಂಬಿರಲಿಲ್ಲ.

ಪ್ರಾಣಿಗಳ ಪ್ರಯೋಗದಲ್ಲಿ ಒಂದು ಅನುಕೂಲ ಇದೆ. ಹುಂಜಕ್ಕೆ ತಾನು ಕುಡಿದಿದ್ದೀನಿ ಅಂತ ಗೊತ್ತಿಲ್ಲ. ಕುಡಿದವರು ಹೇಗೆ ಆಡಬೇಕು ಅಂತಲೂ ಗೊತ್ತಿಲ್ಲ. ನಾಳೆ ಬೆಳಿಗ್ಗೆ ಅಜ್ಜಿ ತನ್ನ ಪರವಾಗಿ ಮಾತಾಡ್ತಾರೆ ಅಂತಲೂ ಗೊತ್ತಿಲ್ಲ. ಅಲ್ಲಿರೋದು ನೆಪವಿಲ್ಲದ ಕುಡಿತ. ಇದಕ್ಕೆ ಉಲ್ಟಾ ಪ್ರಯೋಗ, ಅಂದ್ರೆ ಕುಡಿತವಿಲ್ಲದ ನೆಪ, ಮನುಷ್ಯರ ಮೇಲೆ ಆಗಿದೆ. 1975ರಲ್ಲಿ ಅಮೆರಿಕದಲ್ಲಿ ಅಲನ್ ಲ್ಯಾಂಗ್ ಮತ್ತು ಜೊತೆಗಾರರು ಕೆಲವರಿಗೆ ವೋಡ್ಕಾ ಬೆರೆಸಿದ ಟಾನಿಕ್, ಕೆಲವರಿಗೆ ಬರೀ ಟಾನಿಕ್ ಕೊಟ್ಟರು. ಯಾರಿಗೆ ಏನು ಕೊಟ್ಟಿದ್ದು ಅನ್ನೋದರಲ್ಲೂ ಅರ್ಧ ಜನಕ್ಕೆ ಸುಳ್ಳು ಹೇಳಿದರು. ಆಮೇಲೆ ಇನ್ನೊಬ್ಬನಿಗೆ ಶಾಕ್ ಕೊಡುವ ಅವಕಾಶ. ಜೋರಾಗಿ ಶಾಕ್ ಕೊಟ್ಟವರು ವೋಡ್ಕಾ ಕುಡಿದವರಲ್ಲ, ವೋಡ್ಕಾ ಕುಡಿದಿದ್ದೀವಿ ಅಂತ ನಂಬಿದವರು. ಗ್ಲಾಸಿನಲ್ಲಿ ಏನಿತ್ತು ಅನ್ನೋದು ಲೆಕ್ಕಕ್ಕೇ ಬರಲಿಲ್ಲ.

ಹಾಗಂತ ಮದ್ಯ ಪಾಪದ್ದು, ಅದರ ಕೈವಾಡ ಏನೂ ಇಲ್ಲ ಅಂದರೆ ಅದೂ ಸುಳ್ಳು. ಪ್ರೊಡಕ್ಷನ್‌ನಲ್ಲಿ ಸಿಸ್ಟಮ್ ಬಿದ್ದಾಗ ನಾವು "ಲೋಡ್ ಜಾಸ್ತಿ ಆಯ್ತು" ಅಂತೀವಲ್ಲ, ಲೋಡು ಬಗ್ ಹುಟ್ಟಿಸಿರಲ್ಲ, ಇದ್ದದ್ದನ್ನ ತೋರಿಸಿರತ್ತೆ. ಕುಡಿತವೂ ಇಷ್ಟೇ ಅಂತ ಬಹಳ ದಿನ ನಂಬಿದ್ದೆ, ಚೆನ್ನಾಗಿದೆ ಅನ್ನಿಸೋ ಹೋಲಿಕೆ. ಸಾಲದು. ಮಿಚೆಕ್ ತಂಡ 1992ರಲ್ಲಿ ಇಲಿಗಳ ಜಗಳದ ಒಳವಿವರ ನೋಡಿತು. ಕಾದಾಟ ಬಿಡಿಬಿಡಿಯಾಗಿ ನಡೆಯಲ್ಲ, ಒಂದರ ಹಿಂದೊಂದು ಎರಗೋ ಕಂತುಗಳಲ್ಲಿ ನಡೆಯತ್ತೆ. ಅಮಲೇರಿಸಿಕೊಂಡು ಜೋರಾಗುವ ಇಲಿಗಳಲ್ಲಿ ಈ ಕಂತುಗಳು ಉದ್ದವಾದವು. ಮಾಮೂಲಿ ದಿನ ಎರಡು ಸಲ ಕಚ್ಚಿ ಬಿಡೋ ಇಲಿ ಬಿಡಲಿಲ್ಲ. ಶುರು ಮಾಡೋದಕ್ಕಿಂತ ನಿಲ್ಲಿಸೋದೇ ಅದಕ್ಕೆ ಕಷ್ಟವಾಗಿತ್ತು. ಇದು ಸಣ್ಣ ವಿಷಯ ಅಲ್ಲ. ಒಂದು ಏಟು ಬೀಳೋ ಮನೆಗೂ ಹತ್ತು ಏಟು ಬೀಳೋ ಮನೆಗೂ ಇರೋ ವ್ಯತ್ಯಾಸ ಅದು. ಆ ಎಂಟು ಒಂಬತ್ತು ಏಟುಗಳು ಬ್ರಾಂದಿಯದ್ದು ಅಂತ ಯಾರಾದರೂ ವಾದಿಸಿದರೆ ನಾನು ಒಪ್ಪಬಲ್ಲೆ. ಮೊದಲನೆಯದನ್ನ ಒಪ್ಪಲಾರೆ. ಬ್ರೇಕ್ ಹಿಡಿಯಲ್ಲ ಅಂತ ಗೊತ್ತಿದ್ದ ಗಾಡಿಯನ್ನ ಪ್ರತಿ ಬಟವಾಡೆಗೆ ಹೊರಗೆ ತೆಗೆಯೋನ ಬಗ್ಗೆಯೂ ಏನೋ ಹೇಳಬೇಕು.

ಕಾನೂನು ಇದನ್ನ ಹೇಳಿದೆ. ಹಳೆಯ ಐಪಿಸಿಯ 85 ಮತ್ತು 86ನೇ ಕಲಂ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 23 ಮತ್ತು 24. ನಿಮಗೆ ಗೊತ್ತಿಲ್ಲದ ಹಾಗೆ ಅಥವಾ ನಿಮ್ಮ ಇಚ್ಛೆಗೆ ವಿರುದ್ಧವಾಗಿ ಯಾರಾದರೂ ಕುಡಿಸಿ, ಮಾಡ್ತಿರೋದು ಏನು ಅಂತಲೇ ತಿಳಿಯದಷ್ಟು ಅಮಲಿನಲ್ಲಿ ನೀವು ತಪ್ಪು ಮಾಡಿದರೆ ಅದು ಅಪರಾಧವಲ್ಲ. ನೀವೇ ಕುಡಿದಿದ್ದರೆ ಕುಡಿಯದವನಿಗೆ ಇದ್ದಷ್ಟೇ ತಿಳಿವಳಿಕೆ ನಿಮಗೂ ಇತ್ತು ಅಂತ ಲೆಕ್ಕ. ಇದರ ಪ್ರಕಾರ ನಮ್ಮ ಹುಂಜ ಯಾರನ್ನಾದರೂ ಕೊಂದಿದ್ದರೂ ಖುಲಾಸೆ. ಕೊಕ್ಕು ಬಿಡಿಸಿ ಹಿಡಿದ ನನಗೆ ಏನು ಶಿಕ್ಷೆಯೋ ಗೊತ್ತಿಲ್ಲ.

ಇಷ್ಟು ಹೊತ್ತು ಚಿಕ್ಕಪ್ಪನ ಬಗ್ಗೆ ಹೇಳಿದೆ. ಈಗ ನನ್ನದು.

ಕಳೆದ ವರ್ಷ ಟೀಮ್ ಔಟಿಂಗ್‌ಗೆ ಎಲ್ಲಿಗೆ ಹೋಗೋಣ ಅಂದಾಗ ಎಲ್ಲರೂ ಒಂದೇ ಉಸಿರಿಗೆ ಚಿಕ್ಕಮಗಳೂರು ಅಂದರು. ಬಣಕಲ್ ಹತ್ತಿರದ ಒಂದು ಹೋಂಸ್ಟೇ. ನನ್ನ ಊರಿನಿಂದ ಎರಡು ಗಂಟೆ ದಾರಿ. ನನ್ನದೇ ಗುಡ್ಡಗಳಿಗೆ ನಾನು ಗೆಸ್ಟ್ ಆಗಿ, ಕೈಯಲ್ಲಿ ಟ್ರಾಲಿ ಬ್ಯಾಗ್ ಎಳಕೊಂಡು ಹೋದೆ. ಸಂಜೆ ಮಳೆ, ಕ್ಯಾಂಪ್‌ಫೈರ್ ಹತ್ತಲಿಲ್ಲ, ಹಾಗಾಗಿ ಎಲ್ಲರೂ ವರಾಂಡಾದಲ್ಲಿ ಬಾಟ್ಲಿ ಸುತ್ತ ಕೂತೆವು. ಹಿಂದಿನ ವಾರವಷ್ಟೇ ಅಪ್ರೈಸಲ್ ಮುಗಿದಿತ್ತು. ಎರಡು ವರ್ಷ ರಾತ್ರಿ ಹಗಲು ಕೂತು ಮಾಡಿದ ಕೆಲಸಕ್ಕೆ ಬೇರೆಯವನ ಹೆಸರು ಬಿದ್ದಿತ್ತು. ಆ ನಿರ್ಧಾರ ಮಾಡಿದ ಮ್ಯಾನೇಜರ್ ನನ್ನಿಂದ ಮೂರಡಿ ದೂರದಲ್ಲಿ ಕೂತು ಜೋಕ್ ಹೇಳ್ತಿದ್ದರು. ನಾನು ನಗ್ತಿದ್ದೆ. ನಿಜ ಹೇಳಬೇಕಂದ್ರೆ ಎಲ್ಲರಿಗಿಂತ ಜೋರಾಗಿ ನಗ್ತಿದ್ದೆ.

ರಾತ್ರಿ ಹನ್ನೊಂದರ ಹೊತ್ತಿಗೆ ಅಡುಗೆ ಬಡಿಸೋ ಹುಡುಗ ಬಂದು, "ಸರ್, ಊಟ ತಣ್ಣಗಾಗ್ತದೆ, ಬರ್ತೀರಾ" ಅಂತ ಕೇಳಿದ. ಇಪ್ಪತ್ತು ವರ್ಷ ಇರಬಹುದು. ನಮ್ಮ ಕಡೆಯದೇ ಮಾತು. ನಾನು ಎದ್ದು, ನಿನಗೇನೋ ಅವಸರ ಅಂತ ಶುರು ಮಾಡಿ, ಇಲ್ಲಿ ಬರೆಯೋಕಾಗದ ಮಾತೆಲ್ಲ ಅಂದು, ಅವನ ಕಾಲ ಬಳಿ ಗ್ಲಾಸ್ ಎಸೆದೆ. ಅದು ಒಡೆದು ಅವನ ಪಾದಕ್ಕೆ ಚೂರು ತಾಗಿತು. ಸಹೋದ್ಯೋಗಿಗಳು ಹಿಡಿದು ಕೂರಿಸಿದರು. ಮ್ಯಾನೇಜರ್ "ರಿಲ್ಯಾಕ್ಸ್, ರಿಲ್ಯಾಕ್ಸ್" ಅಂದಾಗ ನಾನು "ಸಾರಿ ಸರ್" ಅಂದೆನಂತೆ. ಅವರಿಗೆ.

ಬೆಳಿಗ್ಗೆ ಅವನು ಪಾದಕ್ಕೆ ಬ್ಯಾಂಡೇಜ್ ಹಾಕ್ಕೊಂಡು ಕಡುಬು ಬಡಿಸ್ತಿದ್ದ. ನಾನು ಪಕ್ಕಕ್ಕೆ ಕರೆದು, "ನಿನ್ನೆ ಸ್ವಲ್ಪ ಜಾಸ್ತಿ ಆಗಿತ್ತು, ಗೊತ್ತಾಗಲಿಲ್ಲ" ಅಂದೆ. ಅವನು ಮುಖ ನೋಡದೆ, "ಪರವಾಗಿಲ್ಲ ಸರ್. ಕುಡಿದಾಗ ಎಲ್ಲರೂ ಹಾಗೇ. ಅದು ನೀವಲ್ಲ" ಅಂದ.

ನಮ್ಮಜ್ಜಿ ಸತ್ತು ಹದಿನೈದು ವರ್ಷ ಆಗಿದೆ. ಕಡುಬಿನ ತಟ್ಟೆ ಹಿಡಿದ ಆ ಹುಡುಗನ ಬಾಯಲ್ಲಿ ಅವರ ಮಾತು ಕೇಳಿ ನನಗೆ ಕೂತಲ್ಲಿ ಕೂರೋಕಾಗಲಿಲ್ಲ. ಟೀಮು ಬೆಂಗಳೂರಿಗೆ ಹೊರಟಿತು. ನಾನು ಅಮ್ಮನನ್ನ ನೋಡಬೇಕು ಅಂತ ಹೇಳಿ ಕೊಟ್ಟಿಗೆಹಾರದಲ್ಲಿ ಇಳಿದು ಕಳಸದ ಬಸ್ ಹತ್ತಿದೆ.

ಚಿಕ್ಕಪ್ಪ ತೀರಿಕೊಂಡು ಆರು ವರ್ಷ. ಚಿಕ್ಕಮ್ಮ ಜಗಲಿಯಲ್ಲಿ ಮೆಣಸು ಬಿಡಿಸ್ತಾ ಕೂತಿದ್ದರು. ಆಚೀಚೆ ಮಾತಾಡಿದ ಮೇಲೆ, ಇಷ್ಟು ವರ್ಷ ಕೇಳಬೇಕು ಅಂದುಕೊಂಡಿದ್ದನ್ನ ಕೇಳಿದೆ. ಚಿಕ್ಕಪ್ಪ ಹೊಡೆಯುವಾಗ ಅವರಿಗೆ ನಿಜವಾಗ್ಲೂ ಗೊತ್ತಾಗ್ತಿರಲಿಲ್ವಾ?

ಅವರು ಮೆಣಸಿನ ಗೆರೆಯಿಂದ ಕಣ್ಣೆತ್ತಲಿಲ್ಲ. "ಎಂಥ ಗೊತ್ತಾಗದೆ ಇರೋದು ಮಾರಾಯ" ಅಂದರು. "ಕೈ ಎತ್ತೋ ಮೊದಲು ವಾಚು ಬಿಚ್ಚಿ ಕಿಟಕಿ ಮೇಲೆ ಇಡ್ತಿದ್ದರು. ಎಚ್‌ಎಂಟಿ ವಾಚು, ನಮ್ಮಪ್ಪ ಮದುವೆಲಿ ಕೊಟ್ಟಿದ್ದು. ಒಂದು ದಿನವೂ ಅದರ ಗಾಜು ಒಡೀಲಿಲ್ಲ. ಅವರು ವಾಚಿಗೆ ಕೈ ಹಾಕಿದ್ರು ಅಂದ್ರೆ ನಾನು ಮಕ್ಕಳನ್ನ ಹಿತ್ತಿಲಿಗೆ ಕಳಿಸ್ತಿದ್ದೆ."

"ಮತ್ತೆ ಅಜ್ಜಿ ಹಾಗೆ ಹೇಳುವಾಗ ನೀವು ಸುಮ್ಮನಿರ್ತಿದ್ರಲ್ಲ?"

"ಅದನ್ನ ಒಪ್ಪಿದ್ರೆ ಅದೇ ಮನೇಲಿ ಬದುಕಬಹುದಿತ್ತು" ಅಂದರು. ಆಮೇಲೆ ಕಾಫಿ ಮಾಡ್ತೀನಿ ಅಂತ ಎದ್ದು ಹೋದರು.

ವಾಪಸ್ ಬರುವ ಬಸ್ಸಿನಲ್ಲಿ ಹಿಂದಿನ ರಾತ್ರಿಯನ್ನ ನೆನಪಿಸಿಕೊಳ್ಳೋಕೆ ಪ್ರಯತ್ನಪಟ್ಟೆ. ಮಬ್ಬುಮಬ್ಬಾಗಿದೆ, ಎಲ್ಲ ಬರಲಿಲ್ಲ. ಒಂದು ಮಾತ್ರ ಸ್ಪಷ್ಟವಾಗಿತ್ತು. ಹುಡುಗ ಬಂದಾಗ ನನ್ನ ಒಂದು ಕೈಯಲ್ಲಿ ಗ್ಲಾಸ್ ಇತ್ತು, ಇನ್ನೊಂದರಲ್ಲಿ ಫೋನ್. ಎದ್ದು ನಿಂತವನು ಮೊದಲು ಫೋನನ್ನ ಜೇಬಿಗೆ ಹಾಕ್ಕೊಂಡು, ಜಿಪ್ ಎಳೆದಿದ್ದೆ.

ಬಸ್ಸು ಕೊಟ್ಟಿಗೆಹಾರಕ್ಕೆ ಬಂದಾಗ ಇಳಿದು ಬಣಕಲ್ ಕಡೆ ಹೋಗೋ ಆಟೋ ಹಿಡಿದೆ. ಹುಡುಗ ಹಿತ್ತಲಲ್ಲಿ ಪಾತ್ರೆ ತೊಳೀತಿದ್ದ. ಬೆಳಿಗ್ಗೆ ಹೇಳಿದ್ದು ಸುಳ್ಳು, ನನಗೆ ಗೊತ್ತಾಗಿತ್ತು ಅಂತ ಹೇಳಿದೆ. ಅವನು ಸ್ವಲ್ಪ ಹೊತ್ತು ನನ್ನನ್ನೇ ನೋಡಿದ. "ಹಾಗಾದ್ರೆ ಯಾಕೆ ಸರ್?" ಅಂತ ಕೇಳಿದ.